ತರಬೇತಿ ವಿಮಾನಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ

ಮಾನ್ಯ ಸಂಪಾದಕರೇ,

ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಅಲ್ಲೇ ಸತ್ತ ಸುದ್ದಿಯನ್ನು ಎಷ್ಟೋ ಸಲ ಓದಿದ್ದೇವೆ. ಅಲ್ಲಿ ಜೀವ ತೆಗೆಯುವ ಕಾರ್ಬನ್ ಮೊನಾಕ್ಸೈಡ್ ಸಣ್ಣ ವಿಮಾನಗಳ ಒಳಗೂ ಸೇರಿಕೊಳ್ಳುತ್ತದೆ. ನನ್ನ ಅಕ್ಕನ ಮಗಳು ಪೈಲಟ್ ತರಬೇತಿಗೆ ಸೇರಿದ ಮೇಲೆ ಈ ವಿಷಯ ಓದತೊಡಗಿದೆ, ಓದಿದಷ್ಟೂ ಆತಂಕ ಜಾಸ್ತಿಯಾಗಿದೆ.

ಸೆಸ್ನಾದಂಥ ಪಿಸ್ಟನ್ ಎಂಜಿನ್ ವಿಮಾನದಲ್ಲಿ ಬಿಸಿಯಾದ ಸೈಲೆನ್ಸರ್ ಸುತ್ತ ಒಂದು ತಗಡಿನ ಕವಚ ಇರುತ್ತದೆ. ಹೊರಗಿನ ಗಾಳಿ ಅದರೊಳಗೆ ಹಾದು, ಬಿಸಿಯಾಗಿ, ಕ್ಯಾಬಿನ್‌ಗೆ ಬರುತ್ತದೆ. ಹೀಟರ್ ಅಂದರೆ ಅಷ್ಟೇ. ಸೈಲೆನ್ಸರ್ ಬಿರುಕು ಬಿಟ್ಟರೆ ಆ ಗಾಳಿಯ ಜೊತೆ ಈ ಅನಿಲ ತುಂಬಿದ ಎಂಜಿನ್ನಿನ ಹೊಗೆಯೂ ಒಳಗೆ ಬರುತ್ತದೆ. ಫುಟ್‌ಬಾಲ್ ನೋಡುವವರಿಗೆ ಎಮಿಲಿಯಾನೊ ಸಾಲಾ ನೆನಪಿರಬಹುದು. 2019ರ ಜನವರಿಯಲ್ಲಿ ಫ್ರಾನ್ಸಿನಿಂದ ಕಾರ್ಡಿಫ್‌ಗೆ ಹೋಗುವಾಗ ಅವರಿದ್ದ ಪೈಪರ್ ವಿಮಾನ ಇಂಗ್ಲಿಷ್ ಕಡಲ್ಗಾಲುವೆಗೆ ಬಿತ್ತು. ಪರೀಕ್ಷೆ ಮಾಡಿದಾಗ ಅವರ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇ 58ರಷ್ಟನ್ನು ಈ ಅನಿಲವೇ ಹಿಡಿದುಕೊಂಡಿತ್ತು.

ನಮ್ಮ ಕಡೆ ಹೀಟರ್ ಹಾಕುವಷ್ಟು ಚಳಿ ಎಲ್ಲಿದೆ ಅಂತ ಕೇಳುವವರು ಸಿಡ್ನಿ ಹತ್ತಿರದ ಹಾಕ್ಸ್‌ಬರಿ ನದಿಯ ಅಪಘಾತವನ್ನು ನೋಡಬೇಕು. 2017ರ ಡಿಸೆಂಬರ್ 31, ಅಲ್ಲಿ ಆಗ ಬೇಸಿಗೆ. ನೀರಿನ ಮೇಲೆ ಇಳಿಯುವ ಬೀವರ್ ವಿಮಾನ ಬಿದ್ದು ಪೈಲಟ್ ಸೇರಿ ಆರೂ ಮಂದಿ ಸತ್ತರು. ಎಕ್ಸಾಸ್ಟ್ ಭಾಗದಲ್ಲಿ ಬಿರುಕಿತ್ತು, ಎಂಜಿನ್ನಿಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಲ್ಲಿ ಮೂರು ಬೋಲ್ಟ್ ಇರಲಿಲ್ಲ, ಆ ತೂತುಗಳಿಂದಲೇ ಹೊಗೆ ಒಳಗೆ ಬಂದಿರಬೇಕು ಎಂದು ತನಿಖೆ ಹೇಳಿತು. ಮೂರು ಬೋಲ್ಟ್!

ಇನ್ನೊಂದು ಭಯ ಏನೆಂದರೆ, ವಿಷ ಏರುತ್ತಿರುವುದು ಪೈಲಟ್‌ಗೇ ಗೊತ್ತಾಗುವುದಿಲ್ಲ. ಮೊದಲು ತಲೆನೋವು, ಸುಸ್ತು, ವಾಕರಿಕೆ. ಬೆಳಿಗ್ಗೆ ತಿಂಡಿ ಬಿಟ್ಟದ್ದಕ್ಕೋ, ಬಿಸಿಲಿಗೋ ಇರಬೇಕು ಅಂದುಕೊಳ್ಳುವುದು ಸಹಜ ಅಲ್ವಾ? ಅಷ್ಟರಲ್ಲಿ ಯೋಚನೆ ಮಾಡುವ ಶಕ್ತಿಯೇ ಮಂಕಾಗಿರುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ, ಅದಕ್ಕೆ ಈ ಅನಿಲ ಹಿಡಿದ ರಕ್ತ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಡ್ಯಾಶ್‌ಬೋರ್ಡ್‌ಗೆ ಅಂಟಿಸುವ, ಈ ಅನಿಲ ತಾಗಿದರೆ ಬಣ್ಣ ಬದಲಾಗುವ ಚುಕ್ಕೆಯ ಕಾರ್ಡ್‌ಗಳೂ ಅಷ್ಟೇ. ಅವಕ್ಕೆ ಅವಧಿ ಮುಗಿಯುತ್ತದೆ, ಬಿಸಿಲಿಗೆ ಕೆಡುತ್ತವೆ, ಅದಕ್ಕಿಂತ ಮುಖ್ಯವಾಗಿ ಕೂಗುವುದಿಲ್ಲ. ಮಂಕಾದ ಪೈಲಟ್ ಆ ಚುಕ್ಕೆಯನ್ನು ನೋಡಬೇಕಲ್ಲ!

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1982ರಿಂದ 2020ರವರೆಗೆ ಇಂಥ 31 ಅಪಘಾತಗಳನ್ನು ಗುರುತಿಸಿದೆ. ಸತ್ತವರು 42 ಮಂದಿ. ಆ ವಿಮಾನಗಳಲ್ಲಿ ಈ ಅನಿಲವನ್ನು ಪತ್ತೆ ಮಾಡುವ ಡಿಟೆಕ್ಟರ್ ಇದ್ದದ್ದು ಒಂದರಲ್ಲಿ ಮಾತ್ರ, ಅದರಲ್ಲೂ ಅಲಾರಂ ಇರಲಿಲ್ಲ. ಬ್ರಿಟನ್ನಿನಲ್ಲಿ 2025ರ ಜನವರಿಯಿಂದ, ಪೈಲಟ್ ಅಲ್ಲದ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಪಿಸ್ಟನ್ ವಿಮಾನಗಳಲ್ಲಿ ಎಚ್ಚರಿಸುವ ಡಿಟೆಕ್ಟರ್ ಕಡ್ಡಾಯವಾಗಿದೆ.

ನಮ್ಮ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಇರಲಿ, ಬೆಳಗಾವಿ, ಕಲಬುರಗಿಯ ಖಾಸಗಿ ಶಾಲೆಗಳಿರಲಿ, ಯಾರದೋ ಆದೇಶಕ್ಕೆ ಕಾಯಬೇಕಾಗಿಲ್ಲ. ಪ್ರತಿ ವಿಮಾನಕ್ಕೂ ಶಬ್ದ ಮಾಡುವ, ಬ್ಯಾಟರಿಯ ಡಿಟೆಕ್ಟರ್ ಒಂದು ಹಾಕಿಸಲಿ. ಒಂದು ವಿಮಾನ ಹಾರಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ತಪಾಸಣೆಯಲ್ಲಿ ಸೈಲೆನ್ಸರ್ ಕವಚ ಬಿಚ್ಚಿ ನೋಡಿದ್ದನ್ನು, ಆ ಗೋಡೆಯ ತೂತುಗಳನ್ನು ಪರೀಕ್ಷಿಸಿದ್ದನ್ನು ವಿದ್ಯಾರ್ಥಿಗಳಿಗೂ ತೋರಿಸಲಿ. ಅಲಾರಂ ಕೂಗಿದರೆ ಹೀಟರ್ ಬಂದ್, ಕಿಟಕಿ, ಗಾಳಿ ಬರುವ ದಾರಿ ಎಲ್ಲ ತೆರೆದು ಬೇಗ ಇಳಿಯಬೇಕು ಎಂದು ಮೊದಲ ವಾರವೇ ಕಲಿಸಲಿ. ಇಳಿದ ಮೇಲೂ ಈ ಅನಿಲ ರಕ್ತದಿಂದ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು, ಹಾಗಾಗಿ ತಲೆನೋವು ಅಂದ ವಿದ್ಯಾರ್ಥಿಯನ್ನು ಅದೇ ದಿನ ಮತ್ತೆ ಹಾರಿಸಬೇಡಿ.

– ಪೈಲಟ್ ವಿದ್ಯಾರ್ಥಿನಿಯೊಬ್ಬಳ ಸೋದರಮಾವ, ಯಲಹಂಕ, ಬೆಂಗಳೂರು