ಸೀಲ್ ಒಡೆದ ಡಬ್ಬದ ವಿಚಾರ: ನಮ್ಮ ಗಿರಾಕಿಗಳಿಗೆ

ಹುಬ್ಬಳ್ಳಿ, 18 ಜನವರಿ 2016

ಆತ್ಮೀಯರೇ,

ಬರುವ ಫೆಬ್ರವರಿ 1ರಿಂದ ನಮ್ಮಲ್ಲಿ ಪಿಸಿ ಗೇಮ್‌ಗಳ ಎಕ್ಸ್‌ಚೇಂಜ್ ಇರುವುದಿಲ್ಲ. ಹಳೇ ಆಟ ತಂದುಕೊಟ್ಟು, ಮೇಲೆ ಇನ್ನೂರು ರೂಪಾಯಿ ಸೇರಿಸಿ ಬೇರೆ ಆಟ ಒಯ್ಯುವ ಪದ್ಧತಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಡಿಸ್ಕ್‌ಗಳಿಗೆ ಎಂದಿನಂತೆ ಇರುತ್ತದೆ. ಪಿಸಿಗೆ ಮಾತ್ರ ನಿಂತಿತು. ಸೀಲ್ ಒಡೆದ ಪಿಸಿ ಡಬ್ಬ ವಾಪಸ್ ತೆಗೆದುಕೊಳ್ಳುವುದೂ ನಿಂತಿತು. ಇಷ್ಟನ್ನೇ ಬೋರ್ಡಿನ ಮೇಲೆ ಬರೆದು ಸುಮ್ಮನಿರಬಹುದಿತ್ತು. ಆದರೆ ಮೆಟ್ಟಿಲ ಕೆಳಗಿನ ಹಳೇ ಜಾಗದಿಂದ ನಮ್ಮ ಜೊತೆ ಬಂದವರು ನೀವು, ನಿಮಗೆ ಬೋರ್ಡ್ ತೋರಿಸಿ ಕಳಿಸಲು ಮನಸ್ಸು ಬರಲಿಲ್ಲ.

ಮೊದಲು ಆ ಒಂದು ಮಾತಿಗೆ ಬರೋಣ.

"ಏನ್ರೀ, ಯಾರೋ ಆಡಿ ಬಿಟ್ಟ ಕೀ ನಮಗ ಕೊಟ್ಟೀರಲ್ರೀ?"

ಕೀ ಅಂದರೆ ಡಬ್ಬದೊಳಗಿನ ಚೀಟಿಯ ಮೇಲಿನ ಅಕ್ಷರ, ಅಂಕೆಗಳ ಸಾಲು, ಅದನ್ನು ಹೊಡೆದರೇ ಆಟ ತೆರೆಯುತ್ತದೆ. ಕಳೆದ ಒಂದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಫೋನಿನಲ್ಲಿ ಕೇಳಿದ್ದೇವೆ, ಕೌಂಟರಿನಲ್ಲಿ ನಾಲ್ಕು ಮಂದಿಯ ಎದುರು ಕೇಳಿದ್ದೇವೆ, ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗಲೂ ಕೇಳಿದ್ದೇವೆ. ಕಂಪ್ಯೂಟರ್ "ಈ ಕೀ ಈಗಾಗಲೇ ಬಳಕೆಯಾಗಿದೆ" ಎನ್ನುತ್ತದೆ. ಡಬ್ಬ ಮಾರಿದವರು ನಾವು. ಅಲ್ಲಿಗೆ ಕಳ್ಳರು ಯಾರೆಂದು ತೀರ್ಮಾನವಾಯಿತು. ನಮ್ಮ ಅಣ್ಣ ಎರಡು ಸಲ ಇದೇ ಮಾತಿಗೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗಿದ್ದಾನೆ. ಅದಕ್ಕೇ ಇವತ್ತು ಪೂರ್ತಿ ಉತ್ತರ ಕೊಡುತ್ತೇವೆ, ಉದ್ದವಾದರೆ ಸೈರಿಸಿಕೊಳ್ಳಿ.

ಹೊಸ ಡಬ್ಬದ ಕೀ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸೀಲ್ ಸಮೇತ ಬರುತ್ತದೆ, ಸೀಲ್ ಸಮೇತ ಹೋಗುತ್ತದೆ. ಇನ್ನು ಹೆಸರಿಗೆ ಕೀ ಅಂತಾರೆ, ಅಷ್ಟೇ. ಬೀಗದ ಕೈ ಆಗಿದ್ದರೆ ಅಣ್ಣನೂ ತೆರೆಯಬಹುದು, ತಮ್ಮನೂ ತೆರೆಯಬಹುದು. ಇದು ರೈಲಿನ ರಿಸರ್ವೇಷನ್ ಟಿಕೆಟ್ ಇದ್ದಂತೆ, ಒಬ್ಬರ ಹೆಸರಿಗೆ ಬಿತ್ತೆಂದರೆ ಬಿತ್ತು. 2004ರ ನವೆಂಬರಿನಲ್ಲಿ ಹಾಫ್-ಲೈಫ್ 2 ಬಂದಾಗ ಡಿಸ್ಕ್ ಕೊಂಡವರು ಕೂಡ ನೆಟ್ಟಿನಲ್ಲೇ ಪಿಸಿ ಆಟ ಮಾರುವ ಸ್ಟೀಮ್‌ನಲ್ಲಿ ಖಾತೆ ತೆರೆದು ನೆಟ್ ಮೂಲಕ ಆಟವನ್ನು ಅದಕ್ಕೆ ಕಟ್ಟಿಹಾಕಲೇಬೇಕಾಯಿತು. ಆಗ ಅದೊಂದು ವಿಚಿತ್ರ ಅನ್ನಿಸಿತ್ತು. ಈಗ ನಮ್ಮ ಪಿಸಿ ಕಪಾಟಿನಲ್ಲಿ ಹಾಗಿಲ್ಲದ ಹೊಸ ಡಬ್ಬ ಹುಡುಕಬೇಕು.

ದೀಪಾವಳಿ ಆದ ಮೇಲೆ ಒಂದು ನೋಟ್‌ಬುಕ್ ಇಟ್ಟೆವು. "ಕೀ ನಡೆಯುವುದಿಲ್ಲ" ಎಂದು ವಾಪಸ್ ಬಂದ ಪ್ರತಿ ಡಬ್ಬವನ್ನೂ ಅದರಲ್ಲಿ ಬರೆದು, ಏನಾಗಿದೆ ಎಂದು ಕೊನೆಯವರೆಗೂ ಬೆನ್ನುಹತ್ತಿ ನೋಡಿದೆವು. ಜನವರಿ 10ಕ್ಕೆ 19 ಆದವು. ಅದರಲ್ಲಿ 8 ಕೀಗಳು ಮನೆಯಲ್ಲೇ ಸಿಕ್ಕವು. ತಮ್ಮನ ಖಾತೆಗೆ ಹೋಗಿತ್ತು, ರೂಮ್‌ಮೇಟ್ ಖಾತೆಗೆ ಹೋಗಿತ್ತು, ಪಾಸ್‌ವರ್ಡ್ ಮರೆತುಹೋದ ಹಳೇ ಖಾತೆಯಲ್ಲಿ ಕೂತಿತ್ತು. ಇನ್ನು 6 ಬರೆಯುವಾಗಿನ ತಪ್ಪು: ಓ ಅಕ್ಷರದ ಜಾಗದಲ್ಲಿ ಸೊನ್ನೆ, ಬಿ ಜಾಗದಲ್ಲಿ ಎಂಟು. ಅಲ್ಲಿ ಬಂದದ್ದು "ಬಳಕೆಯಾಗಿದೆ" ಅಂತಲೂ ಅಲ್ಲ, "ಕೀ ತಪ್ಪಾಗಿದೆ" ಅಂತ. ಸಿಟ್ಟು ನೆತ್ತಿಗೇರಿದಾಗ ಎರಡೂ ಒಂದೇ ಕಾಣುತ್ತವೆ, ನಮಗೂ ಹಾಗೇ ಕಾಣುತ್ತಿತ್ತು.

ಉಳಿದವು 5. ಆ ಐದೂ ನಮ್ಮ ಎಕ್ಸ್‌ಚೇಂಜ್ ಕಪಾಟಿನಿಂದ ಹೋದವು.

ಅಂದರೆ ಹತ್ತೊಂಬತ್ತರಲ್ಲಿ ಐದು ಸಲ ನೀವು ಹೇಳಿದ್ದೇ ಖರೆ. ಯಾರೋ ಆಡಿ ಬಿಟ್ಟ ಕೀಯನ್ನೇ ನಾವು ಮಾರಿದ್ದೆವು. ಗೊತ್ತಿದ್ದು ಮಾರಲಿಲ್ಲ, ಆದರೆ ಮಾರಿದೆವು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಏಕೆಂದರೆ ಈ ಅಂಗಡಿ ನಿಂತದ್ದೇ ಎಕ್ಸ್‌ಚೇಂಜ್ ಮೇಲೆ.

ಒಂದು ಕಾಲಕ್ಕೆ ಅದರಲ್ಲಿ ಮೋಸವಾಗಲು ಜಾಗವೇ ಇರಲಿಲ್ಲ. ಕಾಪಿ ತಡೆಯುವ ಬೀಗ ಡಿಸ್ಕಿನಲ್ಲೇ ಇರುತ್ತಿತ್ತು. ಸೇಫ್‌ಡಿಸ್ಕ್, ಸೆಕ್ಯುರಾಮ್‌ನಂಥವು ಡಿಸ್ಕ್ ತಯಾರಿಸುವಾಗಲೇ ಅದರೊಳಗೆ ಬೇಕೆಂದೇ ಕೆಲವು ವಿಚಿತ್ರ ಗುರುತುಗಳನ್ನು ಬಿಡುತ್ತಿದ್ದವು. ಮನೆಯ ರೈಟರ್‌ನಲ್ಲಿ ಕಾಪಿ ಹೊಡೆದರೆ ಆ ಗುರುತು ಸರಿಯಾಗಿ ಮೂಡುವುದಿಲ್ಲ. ಆಟ ಶುರುವಾಗುವಾಗ ಗುರುತು ಹುಡುಕುತ್ತದೆ, ಸಿಗದಿದ್ದರೆ ನಿಲ್ಲುತ್ತದೆ. ಡಿಸ್ಕ್ ಯಾರ ಕೈಯಲ್ಲಿದೆಯೋ ಆಟ ಅವರದು. ನೀವು ಡಿಸ್ಕ್ ಕೊಟ್ಟಿರಿ, ನಾವು ಗೀರು ನೋಡಿದೆವು, ಮುಗಿಯಿತು. ಅದಕ್ಕೂ ಹಿಂದಿನ ಕಾಲ ಕಂಡವರು ಪ್ರಿನ್ಸ್ ಆಫ್ ಪರ್ಷಿಯಾ ನೆನಪಿಸಿಕೊಳ್ಳಿ. ಮೊದಲ ಹಂತ ದಾಟಿದ ಕೂಡಲೇ ಡಬ್ಬದ ಜೊತೆ ಬಂದ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದು ಎಂದು ಕೇಳಿ, ಆ ಅಕ್ಷರವಿದ್ದ ಸೀಸೆಯನ್ನೇ ಕುಡಿಸುತ್ತಿತ್ತು. ಕಂಪ್ಯೂಟರ್ ಕ್ಲಾಸಿನ ಹುಡುಗರೆಲ್ಲರ ಹತ್ತಿರವೂ ಆ ಪುಸ್ತಕದ ಝೆರಾಕ್ಸ್ ಇತ್ತು ಅನ್ನುವುದು ಬೇರೆ ಮಾತು.

ಆಮೇಲೆ ಎಣಿಕೆ ಶುರುವಾಯಿತು. 2008ರಲ್ಲಿ ಸ್ಪೋರ್ ಬಂದಾಗ ಒಂದು ಡಬ್ಬ ಮೂರು ಕಂಪ್ಯೂಟರಿಗೆ ಮಾತ್ರ, ಗಲಾಟೆಯಾದ ಮೇಲೆ ಐದು. ಅದರ ಹಿಂದಿನ ವರ್ಷದ ಬಯೋಶಾಕ್ ಎರಡರಿಂದ ಶುರುಮಾಡಿ ಐದಕ್ಕೆ ಏರಿತ್ತು. ಎಕ್ಸ್‌ಚೇಂಜಿಗೆ ಬಂದ ಡಬ್ಬದಲ್ಲಿ ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂದು ನೋಡಲು ನಮಗೆ ದಾರಿ ಇರಲಿಲ್ಲ. ತಂದವರ ಮಾತಿನ ಮೇಲೆ ನಂಬಿಕೆ ಇಟ್ಟು ತೆಗೆದುಕೊಂಡೆವು. ಅವರೂ ಸುಳ್ಳು ಹೇಳಿದವರಲ್ಲ, ವಿಂಡೋಸ್ ಹೊಸದಾಗಿ ಹಾಕಿದರೂ ಒಂದು ಎಣಿಕೆ ಹೋಗುತ್ತದೆ ಎಂದು ಎಷ್ಟು ಮಂದಿಗೆ ಗೊತ್ತಿತ್ತು? ಈ ಎಕ್ಸ್‌ಚೇಂಜನ್ನು ನಾಲ್ಕೈದು ವರ್ಷದ ಹಿಂದೆಯೇ ನಿಲ್ಲಿಸಬೇಕಿತ್ತು. ಆಸೆಗೆ ಎಳೆದುಕೊಂಡು ಬಂದೆವು.

ದುಡ್ಡಿನ ಮಾತೂ ಆಡಿಬಿಡುತ್ತೇವೆ, ಏಕೆಂದರೆ "ನಿಮಗೇನ್ರೀ, ಸಾವಿರ ರೂಪಾಯಿ ಎಣಿಸಿಕೊಂಡ್ರಿ" ಎಂಬ ಮಾತು ಎದೆಗೆ ನಾಟುತ್ತದೆ. 999ರ ಡಬ್ಬದಲ್ಲಿ ನಮಗೆ ಉಳಿಯುವುದು ನೂರರ ಆಸುಪಾಸು. ಸೀಲ್ ಒಡೆದದ್ದನ್ನು ನಮಗೆ ಮಾಲು ಕೊಡುವವರು ಮುಟ್ಟುವುದಿಲ್ಲ. ಬೇಡಿಕೊಂಡು ಕಳಿಸಿದರೆ ಮುಂಬೈಗೆ ಕೊರಿಯರ್ ಹೋಗಿಬರುವ ಖರ್ಚು ನಮ್ಮದು, ಮೂರು ವಾರದ ಮೇಲೆ ಅದೇ ಡಬ್ಬ ಅದೇ ಚೀಟಿ ಸಮೇತ ತಿರುಗಿ ಬರುತ್ತದೆ. ಆಟ ಮಾಡಿದ ಕಂಪನಿಗೆ ಬರೆದರೆ ಬಿಲ್ಲಿನ ಫೋಟೋ, ಕೀ ಚೀಟಿಯ ಫೋಟೋ ಕೇಳುತ್ತಾರೆ, ಕೊನೆಗೆ "ಖಾತೆ ಇರುವವರೇ ಬರೆಯಲಿ" ಎನ್ನುತ್ತಾರೆ. ಹೀಗೆ ಕೀ ಸತ್ತ 31 ಡಬ್ಬಗಳು ನಮ್ಮ ಅಟ್ಟದ ಮೇಲಿವೆ. ಅಷ್ಟೂ ನಾವು ನಿಮಗೆ ದುಡ್ಡು ವಾಪಸ್ ಕೊಟ್ಟವು. ಲೆಕ್ಕ ಬೇಕಾದವರು ಬಂದು ಏಣಿ ಹತ್ತಿ ನೋಡಬಹುದು. ಇದರ ನಡುವೆ ಹೋದ ನವೆಂಬರಿನಿಂದ ಸ್ಟೀಮ್ ರೂಪಾಯಿಯಲ್ಲೇ ದರ ಹಾಕುತ್ತಿದೆ. ಎಷ್ಟೋ ಆಟ ನಮ್ಮ ಖರೀದಿ ದರಕ್ಕಿಂತ ಅಲ್ಲೇ ಅಗ್ಗ. ಅಲ್ಲಿ ಕೊಳ್ಳಬೇಡಿ ಎಂದು ಹೇಳುವ ಮುಖ ನಮಗಿಲ್ಲ.

"ಫುಟ್‌ಪಾತಿನಾಗ ಐವತ್ತು ರೂಪಾಯಿಗೆ ಸಿಗ್ತೈತಿ, ನೆಟ್ಟೂ ಬ್ಯಾಡ, ಕೀನೂ ಬ್ಯಾಡ, ಗಪ್‌ಚುಪ್ ನಡೀತೈತಿ" ಎಂದು ಕಳ್ಳ ಕಾಪಿ ತೋರಿಸುವವರಿಗೆ ನಮ್ಮ ಹತ್ತಿರ ಉತ್ತರವಿಲ್ಲ. 2010ರ ಮಾರ್ಚಿನಲ್ಲಿ ಯೂಬಿಸಾಫ್ಟ್ ಕಂಪನಿಯ ಸರ್ವರ್ ಕುಸಿದಾಗ, ಅಸಾಸಿನ್ಸ್ ಕ್ರೀಡ್ 2 ದುಡ್ಡು ಕೊಟ್ಟು ಕೊಂಡವರು ಒಬ್ಬರೇ ಕೂತು ಆಡುವ ಆಟವನ್ನೂ ಆಡಲಾಗದೆ ಕೈಕಟ್ಟಿ ಕೂತರು. ಆಡುವಾಗ ನೆಟ್ ಸದಾ ಇರಲೇಬೇಕೆಂಬ ಆ ನಿಯಮವನ್ನು ಮುಂದೆ ಅವರೇ ಕೈಬಿಟ್ಟರು. ಅಷ್ಟೆಲ್ಲ ಬೀಗ ಹಾಕಿದ ಸ್ಪೋರ್ ಆ ವರ್ಷ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟ ಎಂದು ಹೆಸರಾಯಿತು. ಕಳ್ಳ ಗೋಡೆ ಹಾರಿ ಬಂದ, ಬಾಗಿಲಲ್ಲಿ ಬಂದವರನ್ನು ನಿಲ್ಲಿಸಿ ತಪಾಸಣೆ ಮಾಡಿದರು. ನಿಮ್ಮ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ "ನೀವೇ ಕ್ರ್ಯಾಕ್ ಹಾಕಿಕೊಡ್ರಿ" ಎಂದು, ಅಂದರೆ ಆಟದ ಬೀಗ ಒಡೆದುಕೊಡಿ ಎಂದು, ಕೇಳಬೇಡಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿದೆ. ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಅಂಗಡಿಯಲ್ಲಿ ಕೂತು ದುಡ್ಡಿಗೆ ಒಡೆದುಕೊಟ್ಟು, ಉದ್ದೇಶ ಒಳ್ಳೆಯದಿತ್ತು ಎಂದು ಯಾರ ಮುಂದೆ ಹೇಳೋಣ? ಪಕ್ಕದ ಪ್ರೆಸ್ಸಿನ ಯಜಮಾನರು ನಗುತ್ತಾರೆ. ಅವರ ಕನ್ನಡ ಡಿಟಿಪಿ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿನಲ್ಲಿ ಸಿಕ್ಕಿಸುವ ಡಾಂಗಲ್ ಎಂಬ ಬೀಗದ ಕೈ ಇತ್ತು, ಅದಿಲ್ಲದೆ ಸಾಫ್ಟ್‌ವೇರ್ ತೆರೆಯದು, ಅದನ್ನು ರಾತ್ರಿ ತಿಜೋರಿಯಲ್ಲಿಟ್ಟು ಹೋಗುತ್ತಿದ್ದರಂತೆ.

ಇನ್ನು ಹೊಸ ವ್ಯವಸ್ಥೆ. ಪಿಸಿ ಡಬ್ಬ ಕೊಂಡರೆ, ನಿಮಗೆ ಒಪ್ಪಿಗೆಯಿದ್ದರೆ, ಕೌಂಟರಿನಲ್ಲೇ ಸೀಲ್ ಒಡೆದು ನಿಮ್ಮ ಖಾತೆಗೆ ಕೀ ಹಾಕಿಸಿ ಕಳಿಸುತ್ತೇವೆ. ಲ್ಯಾಪ್‌ಟಾಪ್ ನಿಮ್ಮ ಕಡೆ ತಿರುಗಿಸುತ್ತೇವೆ, ಪಾಸ್‌ವರ್ಡ್ ನೀವೇ ಹೊಡೆಯಬೇಕು, ನಾವು ಗೋಡೆ ನೋಡುತ್ತಿರುತ್ತೇವೆ. ಮೇಲ್‌ಗೆ ಕೋಡ್ ಬರುತ್ತದೆ, ಮೇಲ್ ತೆರೆಯುವ ಫೋನ್ ಮರೆಯಬೇಡಿ. ಅಲ್ಲೇ ಕೀ ನಡೆಯದಿದ್ದರೆ ಅಲ್ಲೇ ಪೂರ್ತಿ ಹಣ. ಸೀಲ್ ಸಮೇತ ಒಯ್ಯುತ್ತೇವೆ ಎನ್ನುವವರು ಬಿಲ್ಲಿನ ಹಿಂದೆ ಸಹಿ ಹಾಕಬೇಕು, ಆಮೇಲಿನದು ನಮ್ಮ ಕೈಯಲ್ಲಿಲ್ಲ.

ಪ್ರತಿ ಡಬ್ಬಕ್ಕೂ ಹಳದಿ ಚೀಟಿ ಅಂಟಿಸುತ್ತಿದ್ದೇವೆ. ಖಾತೆ ಬೇಕೇ, ಆಡುವಾಗ ಸದಾ ನೆಟ್ ಬೇಕೇ, ಡಿಸ್ಕಿನಲ್ಲಿ ಎಷ್ಟಿದೆ, ಇನ್ನೂ ಎಷ್ಟು ಜಿಬಿ ಇಳಿಸಬೇಕು, ಎಲ್ಲ ಕನ್ನಡದಲ್ಲಿ. ಜಿಟಿಎ 5 ಏಳು ಡಿವಿಡಿಯಲ್ಲಿ ಬರುತ್ತದೆ, ಆದರೂ ಖಾತೆ ಬೇಕು. ಹೋದ ಸೆಪ್ಟೆಂಬರಿನ ಮೆಟಲ್ ಗೇರ್ ಸಾಲಿಡ್ 5ರ ಪಿಸಿ ಡಿಸ್ಕಿನಲ್ಲಿ ಇದ್ದದ್ದು ಸ್ಟೀಮ್ ಇನ್‌ಸ್ಟಾಲರ್ ಒಂದೇ, ಹತ್ತು ಎಂಬಿ ಕೂಡ ಇಲ್ಲ. ಉಳಿದ 25 ಜಿಬಿಗೂ ಹೆಚ್ಚು ನೀವು ಇಳಿಸಬೇಕು. ತಿಂಗಳ ಡೇಟಾ ಮಿತಿ (ಎಫ್‌ಯುಪಿ) ಮುಗಿದು ವೇಗ 512 ಕೆಬಿಪಿಎಸ್‌ಗೆ ಬಿದ್ದ ಕನೆಕ್ಷನ್‌ನಲ್ಲಿ ಅದು ಹಗಲೂ ರಾತ್ರಿ ಸೇರಿ ಐದು ದಿನದ ಹತ್ತಿರ. ಹಾಗಾಗಿ ಇನ್ನೊಂದು: ನಿಮ್ಮ ಹಾರ್ಡ್‌ಡಿಸ್ಕ್ ತನ್ನಿ, ನಿಮ್ಮ ಖಾತೆಯಿಂದಲೇ ಅಂಗಡಿಯ ಪಿಸಿಯಲ್ಲಿ ರಾತ್ರಿ ಇಳಿಸಿ, ಸ್ಟೀಮ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ತುಂಬಿಕೊಡುತ್ತೇವೆ. ಒಂದು ಆಟಕ್ಕೆ ನೂರು ರೂಪಾಯಿ. ಇದಕ್ಕೂ ದುಡ್ಡೇ ಎನ್ನುವವರು ನಮ್ಮ ನೆಟ್ ಬಿಲ್ ಒಮ್ಮೆ ನೋಡಬೇಕು.

ಹಳೇ ಸೇಫ್‌ಡಿಸ್ಕ್ ಆಟಗಳಿಗೆ ಕೆಂಪು ಚೀಟಿ. ವಿಂಡೋಸ್ 10 ಆ ಬೀಗದ ಡ್ರೈವರನ್ನು (ಬೀಗ ನಡೆಸುವ ಪ್ರೋಗ್ರಾಮನ್ನು) ಒಳಗೇ ಬಿಡುವುದಿಲ್ಲ, ಸೆಪ್ಟೆಂಬರಿನ ಅಪ್‌ಡೇಟ್ ಬಂದ ಮೇಲೆ ವಿಂಡೋಸ್ 7, 8ರಲ್ಲೂ ಅದು ಬಂದ್. ಸಿಸ್ಟಮ್ಮಿನ ಒಳಮನೆಗೆ ಹೊಕ್ಕು ಕೂತ ಡ್ರೈವರ್, ಸುರಕ್ಷತೆಗೆ ಕುತ್ತು ಎಂದು ಮೈಕ್ರೋಸಾಫ್ಟ್ ತೆಗೆದಿದ್ದು ಸರಿಯೇ ಇರಬಹುದು. ಆದರೆ 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್‌ನ ಅಸಲಿ ಡಿಸ್ಕ್ ಜೋಪಾನವಾಗಿ ಇಟ್ಟುಕೊಂಡವರು ಅದನ್ನು ಹಾಕಿದರೆ ಆಟ ತೆರೆಯದು. ಡಿಸ್ಕ್ ಕೆಟ್ಟಿದೆ ಎಂದು ನಮ್ಮ ಹತ್ತಿರ ತಂದವರಿಗೆಲ್ಲ ಹೇಳುತ್ತೇವೆ, ಡಿಸ್ಕ್ ಕೆಟ್ಟಿಲ್ಲ. ಇವು ಇನ್ನು 49 ರೂಪಾಯಿ, ವಿಂಡೋಸ್ ಎಕ್ಸ್‌ಪಿ ಇನ್ನೂ ಉಳಿಸಿಕೊಂಡವರಿಗೆ ಹಬ್ಬ.

ಹಸಿರು ಚೀಟಿ ಕೂಡ ಇದೆ, ಸದ್ಯಕ್ಕೆ ಕೆಲವೇ ಡಬ್ಬಗಳಿಗೆ. ದಿ ವಿಚರ್ 3ರ ಡಿಸ್ಕಿನಲ್ಲಿ ಬೀಗವೇ ಇಲ್ಲ, ಹಾಕಿ, ಆಡಿ. ಬೀಗವಿಲ್ಲದಿದ್ದರೆ ಮುಳುಗುತ್ತಾರೆ ಎಂದವರುಂಟು. ಎಲ್ಲ ಯಂತ್ರಗಳದ್ದೂ ಸೇರಿ ಆರು ವಾರದಲ್ಲಿ 60 ಲಕ್ಷ ಪ್ರತಿ ಹೋಯಿತು. ಆ ಡಬ್ಬ ಬಂದ ದಿನ ನಾವು ಪೇಡೆ ಹಂಚಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಕೊನೆಯದಾಗಿ ಒಂದು ಕೆಲಸ ಬಾಕಿ ಇದೆ. ಎಕ್ಸ್‌ಚೇಂಜ್ ಕಪಾಟಿನಿಂದ ಬಳಸಿದ ಕೀ ಒಯ್ದ ಆ ಐವರಲ್ಲಿ ನಾಲ್ವರು ಬಂದು ಹಣ ಒಯ್ದಿದ್ದಾರೆ. ಐದನೆಯವರು ಗದಗಿನಿಂದ ಬಸ್ಸಿನಲ್ಲಿ ಬಂದಿದ್ದವರು, ಮಗನೂ ಜೊತೆಗಿದ್ದ. ಎಕ್ಸ್‌ಚೇಂಜ್ ಕಪಾಟಿನಿಂದ ಕಾರ್ ರೇಸಿನ ಆಟವೊಂದನ್ನು 450ಕ್ಕೆ ಒಯ್ದರು. ವಾರ ಬಿಟ್ಟು ತಿರುಗಿ ಬಂದಾಗ "ಕೀ ನಿಮ್ಮ ಮಗನೇ ಬೇರೆಲ್ಲೋ ಹಾಕಿರಬೇಕು, ಅವನನ್ನೇ ಕೇಳ್ರಿ" ಎಂದು ಹೇಳಿ ಕಳಿಸಿದ್ದಾಯಿತು. ಇಲ್ಲಿ "ನಾವು" ಎಂದು ಬರೆಯುವುದು ಸರಿಯಲ್ಲ. ಹೇಳಿದವನು ನಾನು. ಹುಡುಗ ಇಲ್ಲ ಇಲ್ಲ ಎನ್ನುತ್ತಲೇ ಇದ್ದ, ಅಪ್ಪ ಅವನ ಮುಖ ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಆ ಕೀ ಬಳಸಿದ್ದು ಅದನ್ನು ಮೊದಲು ಎಕ್ಸ್‌ಚೇಂಜಿಗೆ ತಂದವರು. ನಮಗೆ ಗೊತ್ತಾದದ್ದು ಅವರೇ ಮತ್ತೊಮ್ಮೆ ಅಂಗಡಿಗೆ ಬಂದಾಗ.

ಆ ಬಿಲ್ಲಿನಲ್ಲಿ ಫೋನ್ ನಂಬರ್ ಇಲ್ಲ, "ಗದಗ" ಎಂದಷ್ಟೇ ಇದೆ. 450 ರೂಪಾಯಿ ಮತ್ತು ಸೀಲ್ ಒಡೆಯದ ಒಂದು ಹಸಿರು ಚೀಟಿ ಡಬ್ಬ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕವರಿನಲ್ಲಿವೆ. ಬಿಲ್ಲೇನೂ ಬೇಡ, ಹುಡುಗನನ್ನು ಕರೆದುಕೊಂಡು ಬಂದರೆ ಸಾಕು, ಗುರುತು ನನಗಿದೆ. ಗದಗಿನ ಕಡೆಯ ಗಿರಾಕಿಗಳು ಯಾರಿಗಾದರೂ ಅಂದಾಜು ಸಿಕ್ಕರೆ ತಿಳಿಸಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ ಹತ್ತೂವರೆಯಿಂದ ರಾತ್ರಿ ಎಂಟೂವರೆ. ಮಧ್ಯಾಹ್ನ ಊಟಕ್ಕೆ ಅಣ್ಣ ಹೋದಾಗಲೂ ನಾನಿರುತ್ತೇನೆ.

ನಿಮ್ಮ ಅಂಗಡಿಯ ಪರವಾಗಿ,
ಕೌಂಟರಿನ ಹಿಂದಿನ ತಮ್ಮ