ಕಾಲು ಉಳಿಸಿಕೊಟ್ಟವರಿಗೆ

ಎಡಗಾಲಿನ ಹೆಬ್ಬೆರಳಿನ ಗಾಯ ಪೂರ್ತಿ ಮಾಗಿದೆ. ಇನ್ನು ಡ್ರೆಸ್ಸಿಂಗ್ ಬೇಡ ಅಂತ ನಿನ್ನೆ ಹೇಳಿದರು. ಫೋನ್ ಮಾಡಿ, ಮನೆಗೆ ಬಂದು ವಿಚಾರಿಸಿಕೊಂಡವರು ಎಷ್ಟೋ ಜನ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಕುಶಾಲನಗರದ ಡಾಕ್ಟರಿಗೆ. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಗಮ್ ಬೂಟು ಉಜ್ಜಿ ಆದ ಸಣ್ಣ ಗಾಯ ಅದು. ಸಕ್ಕರೆ ಕಾಯಿಲೆ ಬೇರೆ ಇದೆ, ಮಾಗೋದು ನಿಧಾನ ಅಂತ ಮುಲಾಮು ಬದಲಾಗುತ್ತಲೇ ಇತ್ತು. ರಾತ್ರಿಯಾದರೆ ಪಾದ ಉರಿ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತರೆ ಮಾತ್ರ ಸ್ವಲ್ಪ ಹಾಯೆನಿಸುತ್ತಿತ್ತು. ಇದನ್ನು ಹೇಳಿದ್ದೇ ತಡ, ಆ ಡಾಕ್ಟರು ಎರಡೂ ಸಾಕ್ಸ್ ತೆಗೆಸಿದರು. ಪಾದದ ಮೇಲೆ, ಆಮೇಲೆ ಹರಡಿನ ಒಳಬದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಲ್ಲಿ ಸಿಕ್ಕಿತು. ಎಡಗಾಲಲ್ಲಿ ಎಷ್ಟು ಹುಡುಕಿದರೂ ಇಲ್ಲ. "ಗಾಯಕ್ಕೆ ರಕ್ತವೇ ಬರ್ತಿಲ್ಲ, ಮುಲಾಮು ಏನು ಮಾಡುತ್ತೆ?" ಅಂದು ಮೈಸೂರಿಗೆ ಚೀಟಿ ಬರೆದರು.

ಮೊಣಕಾಲಿನ ಕೆಳಗೆ ಮುಖ್ಯವಾದ ರಕ್ತನಾಳ ಮೂರು. ನನಗೆ ಎರಡು ಮುಚ್ಚಿದ್ದವು, ಮೂರನೆಯದು ನೂಲಿನಂತೆ ಸಣ್ಣಗಾಗಿತ್ತು. ಬಲೂನು ಹಾಕೋಣ, ನಾಳದೊಳಗೆ ಅದನ್ನು ಉಬ್ಬಿಸಿದರೆ ದಾರಿ ತೆರೆಯುತ್ತೆ ಅಂದರು ಮೈಸೂರಿನ ಡಾಕ್ಟರು. "ಅದು ಹೃದಯಕ್ಕಲ್ವಾ ಸಾರ್?" ಅಂದೆ. ನಕ್ಕರು. ಮುಚ್ಚಿದ ನಾಳವನ್ನು ಹೀಗೆ ಒಳಗಿಂದ ಬಿಡಿಸಿದ್ದು ಮೊದಲು ಕಾಲಿನಲ್ಲೇ ಅಂತೆ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಅನ್ನುವ ಡಾಕ್ಟರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಗೆ ಮಾಡಿದ್ದರು. ಆಗ ಬಲೂನು ಇರಲಿಲ್ಲ, ಬರೀ ಕೊಳವೆ ತೂರಿಸಿ ದಾರಿ ಅಗಲ ಮಾಡಿದ್ದು. ಹೃದಯಕ್ಕೆ ಬಲೂನು ಬಂದದ್ದು 1977ರಲ್ಲಿ. ಆ ಅಜ್ಜಿಗೂ ಒಂದು ನಮಸ್ಕಾರ!

ಕೊಯ್ಯುವುದು, ಹೊಲಿಯುವುದು ಏನೂ ಇಲ್ಲ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್, ಅಲ್ಲಿಂದ ಒಂದು ಸಣ್ಣ ವೈರು. ನನಗೆ ಎಚ್ಚರ ಇತ್ತು. ಮುಚ್ಚಿದ ಜಾಗಕ್ಕೆ ಬಂದು ವೈರು ನಿಂತುಬಿಟ್ಟಿತು. ಹಿಂದಕ್ಕೆಳೆದು, ತುದಿ ತಿರುಗಿಸಿ, ಮತ್ತೆ ತಳ್ಳುವುದು. ಡಾಕ್ಟರ ದನಿ ಒಮ್ಮೆಯೂ ಏರಲಿಲ್ಲ. ಕೊನೆಗೂ ದಾಟಿತು. ಬಲೂನು ಉಬ್ಬಿದಾಗ ಮೀನಖಂಡ ಹಿಂಡಿದ ಹಾಗೆ ನೋವು, ಇಳಿಸಿದ ಮೇಲೆ ಇಲ್ಲ. ಇಷ್ಟು ಸಣ್ಣ ನಾಳಕ್ಕೆ ಸಾಮಾನ್ಯವಾಗಿ ಸ್ಟೆಂಟ್ (ನಾಳ ಮುಚ್ಚದಂತೆ ಒಳಗೇ ಬಿಡುವ ಬಲೆಯಂಥ ಕೊಳವೆ) ಹಾಕಲ್ಲ ಅಂದರು. ಆಮೇಲೆ ತೊಡೆಸಂದನ್ನು ಒತ್ತಿ ಹಿಡಿದಿದ್ದ ಸಿಸ್ಟರ್ ಕಾಫಿ ರೇಟು, ಮೆಣಸಿನ ರೇಟು ಎಲ್ಲ ವಿಚಾರಿಸಿದರು. ಕೈ ಸೋತಿರಬೇಕು, ಮಾತು ನಿಲ್ಲಿಸಲಿಲ್ಲ. ಅವರಿಗೆ ನಾನು ಋಣಿ.

ತೆರೆದ ನಾಳ ಮತ್ತೆ ಸಣ್ಣಗಾಗಬಹುದು. ಗಾಯ ಮಾಗುವಷ್ಟು ಕಾಲ ರಕ್ತ ಹರಿದರೂ ದೊಡ್ಡ ಲಾಭ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ರಕ್ತ ಹೆಪ್ಪುಗಟ್ಟದ ಮಾತ್ರೆ, ಸಕ್ಕರೆಯ ಮಾತ್ರೆ ತಪ್ಪುವಂತಿಲ್ಲ. ನನ್ನ ಹೆಂಡತಿ ತಪ್ಪಿಸಲು ಬಿಡುವುದೂ ಇಲ್ಲ.

ನಾನು ಮಲಗಿದ್ದಾಗ ತೋಟದ ಕಾಡು ಕಡಿಸಿ, ಗೊಬ್ಬರ ಹಾಕಿಸಿದ ಪಕ್ಕದ ಮನೆಯವರಿಗೆ, ಮನೆ ಬಾಗಿಲಿಗೇ ಬಂದು ಗಾಯ ಕಟ್ಟಿದ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ತುಂಬಾ ಥ್ಯಾಂಕ್ಸ್. ಹುತ್ತರಿ ಹಬ್ಬಕ್ಕೆ ಎಲ್ಲರೂ ಮನೆಗೆ ಬರಬೇಕು. ಸುರಿಯುವ ಮಳೆಯಲ್ಲಿ ಮೈಸೂರಿಗೆ ಜೀಪು ಓಡಿಸಿದ ಅಣ್ಣ ಇನ್ನೂ ಬಾಡಿಗೆ ತೆಗೆದುಕೊಂಡಿಲ್ಲ. ಅಣ್ಣಾ, ಅವತ್ತಾದರೂ ಬೇಡ ಅನ್ನಬೇಡಿ.