ಮಗಳಿಗೊಂದು ಪತ್ರ: ಗೆಳತಿಯ ಗೆಲುವು ಚುಚ್ಚಿದಾಗ

ಶಿರಸಿ

ಪ್ರೀತಿಯ ಕೂಸೇ,

ರೂಮ್‌ಮೇಟ್‌ಗೆ ಕ್ಯಾಂಪಸ್ ಸಂದರ್ಶನದಲ್ಲೇ ಕೆಲಸ ಸಿಕ್ಕಿತೆಂದು ಹೇಳುವಾಗ ನಿನ್ನ ದನಿ ಸಪ್ಪಗಿತ್ತು. "ಅವಳಿಗೆಲ್ಲ ಸಲೀಸು" ಅಂದೆ. ಹೊಟ್ಟೆಕಿಚ್ಚು ಬಂತೆಂದು ನಾಚಿಕೊಳ್ಳಬೇಡ. ಆ "ಸಲೀಸು" ಅನ್ನೋ ಮಾತನ್ನು ಮಾತ್ರ ನಂಬಬೇಡ.

ಹೊಟ್ಟೆಕಿಚ್ಚು ಯಾರ ಮೇಲೆ ಹುಟ್ಟುತ್ತದೆ ನೋಡು. ದೇಶದ ಶ್ರೀಮಂತರ ಮೇಲಲ್ಲ, ಪಕ್ಕದ ಮಂಚದವಳ ಮೇಲೆ. ಮನುಷ್ಯ ತನ್ನಂಥವರ ಜೊತೆಗೇ ತನ್ನನ್ನು ಅಳೆದುಕೊಳ್ಳುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದ. ಹೊಟ್ಟೆಕಿಚ್ಚು ಬಂದಾಗ, ಯಾರಿಂದ ಹೆಚ್ಚು ಕಲಿಯಬಹುದೋ ಅವರ ಜೊತೆಗೇ ಮಾತು ಬಿಡುತ್ತೇವೆ. ದೊಡ್ಡ ನಷ್ಟ ಇದೇ.

ಪಕ್ಕದ ತೋಟದವರ, ಬೇಯಿಸಿ ಒಣಗಿಸಿದ ರಾಶಿ ಅಡಿಕೆಗೆ ಟೆಂಡರ್‌ನಲ್ಲಿ ಹೆಚ್ಚು ದರ ಬಿತ್ತು ಅಂತಿಟ್ಟುಕೋ. "ವ್ಯಾಪಾರಿ ಗುರ್ತಿನವ" ಅಂದರೆ ಮನಸ್ಸಿಗೆ ಹಾಯೆನಿಸುತ್ತದೆ, ಮುಂದಿನ ವರ್ಷವೂ ನಮ್ಮ ಅಡಿಕೆ ಹಾಗೇ ಇರುತ್ತದೆ. ಅಡಿಕೆ ಗೊನೆ ಇಳಿಸುವಾಗ ಕಾಯಿ ಎಷ್ಟು ಬಲಿತಿತ್ತು, ಬಣ್ಣಕ್ಕೆ ಹಾಕುವ ಅಡಿಕೆ ರಸ, ಅಂದರೆ ಚೊಗರು, ಎಷ್ಟು ದಪ್ಪವಿತ್ತು, ಎಷ್ಟು ಬಿಸಿಲು ಕೊಟ್ಟರು ಎಂದು ಕೇಳಿದರೆ ಒಂದೊಂದು ಉತ್ತರವೂ ನಮ್ಮ ಅಂಗಳದಲ್ಲಿ ಮಾಡಬಹುದಾದ ಕೆಲಸ.

2009ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಸೂಯೆಯ ಎರಡು ಬಗೆ ತೋರಿಸಿದರು: ತಾನೂ ಏರಬೇಕೆನ್ನುವುದು, ಅವರು ಇಳಿಯಬೇಕೆನ್ನುವುದು. ಗೆದ್ದವರಿಗೆ ಆ ಯೋಗ್ಯತೆ ಇಲ್ಲ ಅನ್ನಿಸಿದಾಗ ಎರಡನೆಯದು ತಲೆಯೆತ್ತುತ್ತದೆ. "ಸಲೀಸು" ಅಂದಿದ್ದಕ್ಕೆ ನನಗೆ ಕಳವಳವಾಗಿದ್ದು ಅದಕ್ಕೇ.

ಮೊದಲು ಅವಳ ಕೈಹಿಡಿದು ಅಭಿನಂದಿಸು. ಒಳಗೆ ಉರಿಯುತ್ತಿದ್ದರೂ ಅದು ನಾಟಕವಲ್ಲ. ರಾತ್ರಿ ಒಂದು ಚೀಟಿಯಲ್ಲಿ ಬರೆ: ಅವಳಲ್ಲಿರುವ ಯಾವುದು ನನಗೆ ಬೇಕು? ಸಂಬಳವಾ, ಧೈರ್ಯವಾ, ಮನೆಯವರ ಮೆಚ್ಚುಗೆಯಾ? "ಅವಳ ಹಾಗೆ ಆಗಬೇಕು" ಎಂದು ಬರೆದವರು ಅಲ್ಲೇ ಸಿಕ್ಕಿಬೀಳುತ್ತಾರೆ, ಏಕೆಂದರೆ ಅದನ್ನು ಅಭ್ಯಾಸ ಮಾಡಲು ಬರುವುದಿಲ್ಲ. "ಸಂದರ್ಶನದಲ್ಲಿ ಎರಡು ನಿಮಿಷ ತಡವರಿಸದೆ ಮಾತಾಡಬೇಕು" ಎಂದಾದರೆ ದಿನಾ 20 ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಬಹುದು. ತಯಾರಿ ಹೇಗೆ ಮಾಡಿದಳೆಂದು ಅವಳನ್ನೇ ಕೇಳು. ಅಭಿನಂದಿಸಿದ ದಿನ ಬೇಡ, ಒಂದೆರಡು ದಿನ ಬಿಟ್ಟು. ಸ್ಟೇಟಸ್ ನೋಡಿ ನೋಯುವುದಾದರೆ ಅದನ್ನು ಮ್ಯೂಟ್ ಮಾಡು, ಅವಳ ಜೊತೆ ಊಟಕ್ಕೆ ಹೋಗುವುದನ್ನು ಬಿಡಬೇಡ.

ಚೀಟಿಯಲ್ಲಿ "ಮನೆಯವರ ಮೆಚ್ಚುಗೆ" ಎಂದೇ ಬಂದರೆ ಅದನ್ನು ನಮಗೆ ಕಳಿಸು ಕೂಸೇ. ಅದು ನೀನು ತುಂಬಿಕೊಳ್ಳಬೇಕಾದ ಕೊರತೆಯಲ್ಲ, ಅಪ್ಪ ಮತ್ತು ನಾನು ಮಾಡಬೇಕಾದ ಕೆಲಸ.

ನಿನ್ನ,
ಆಯಿ